ಸಿಕ್ಸ್ತ್ ಫಾರ್ಮ್ ಅಂದರೆ ಆರನೇ ಕ್ಲಾಸಲ್ಲ

ಮಗಳನ್ನು ಕರೆದುಕೊಂಡು ಆ ಬ್ರಿಟಿಷ್ ಪಠ್ಯಕ್ರಮದ ಸ್ಕೂಲಿನ ಓಪನ್ ಡೇಗೆ, ಅಂದರೆ ಸೇರೋ ಮೊದಲು ಸ್ಕೂಲು ನೋಡೋಕೆ ಕರೆಯೋ ದಿನಕ್ಕೆ ಹೋದಾಗ, ಅಲ್ಲಿ ಬಂದಿದ್ದ ಮಿಕ್ಕ ಹುಡುಗರಿಗೆಲ್ಲ ಮೀಸೆ ಬಂದಿತ್ತು.

ನನಗೆ ಅನುಮಾನ ಬರಲಿಲ್ಲ. ತಮ್ಮ ತಂಗಿಯರ ಜೊತೆ ಬಂದಿರೋ ಅಣ್ಣಂದಿರು ಇರಬೇಕು ಅಂದುಕೊಂಡೆ. ಮಗಳು ಆಗಷ್ಟೇ ಐದನೇ ಕ್ಲಾಸ್ ಮುಗಿಸಿದ್ದಳು, ಇನ್ನು ಆರನೇದು, ಇಮೇಲ್‌ನಲ್ಲಿ ದಪ್ಪ ಅಕ್ಷರದಲ್ಲಿ 'ಸಿಕ್ಸ್ತ್ ಫಾರ್ಮ್ ಓಪನ್ ಡೇ' ಅಂತ ಬರೆದಿದ್ದರು, ಇದರಲ್ಲಿ ಯೋಚನೆ ಮಾಡೋದಕ್ಕೆ ಏನಿದೆ? ವೇದಿಕೆ ಮೇಲೆ ಒಬ್ಬರು ಯೂನಿವರ್ಸಿಟಿ ಅರ್ಜಿ, ಆ ಅರ್ಜಿ ತಗೊಳ್ಳೋ ಯುಕಾಸ್ ಸಂಸ್ಥೆ, ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಶುರು ಮಾಡಿದರು. ಹನ್ನೊಂದು ವರ್ಷದ ಮಕ್ಕಳಿಗೆ ಈಗಿಂದಲೇ ಯೂನಿವರ್ಸಿಟಿ ಚಿಂತೆ ಮಾಡ್ತಾರಲ್ಲ, ಎಂಥ ಸ್ಕೂಲು ಅಂತ ಮೆಚ್ಚಿಕೊಂಡು ಜೋರಾಗಿ ತಲೆಯಾಡಿಸಿದೆ. ಆಮೇಲೆ ಕೋಟಿಗೆ ಬ್ಯಾಡ್ಜ್ ಹಾಕಿಕೊಂಡಿದ್ದ ಒಬ್ಬ ಪ್ರಿಫೆಕ್ಟ್ ಹುಡುಗ ಬಂದು, ಬಗ್ಗಿ, ಮಗಳನ್ನು ಬಹಳ ಮರ್ಯಾದೆಯಿಂದ ಕೇಳಿದ: ಯಾವ ಮೂರು ವಿಷಯ ತಗೋಬೇಕು ಅಂತಿದ್ದೀಯಾ? ಅವಳು ಸ್ವಲ್ಪವೂ ತಡವರಿಸದೆ "ಡ್ರಾಯಿಂಗ್, ಸ್ವಿಮ್ಮಿಂಗ್, ಲಂಚ್" ಅಂದಳು.

ಅವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. ಸಿಕ್ಸ್ತ್ ಫಾರ್ಮ್ ಅಂದರೆ ಸ್ಕೂಲಿನ ಕಡೇ ಎರಡು ವರ್ಷ, ಇಯರ್ 12 ಮತ್ತು 13. ಹದಿನಾರು ದಾಟಿದವರು ಎ ಲೆವೆಲ್ ಓದೋ ಜಾಗ, ಅಂದರೆ ನಮ್ಮ ಪಿಯುಸಿ ಥರದ್ದು. ಇಂಗು ತಿಂದ ಮಂಗನ ಹಾಗೆ ನಿಂತಿದ್ದ ನನ್ನ ಮುಖ ನೋಡಿ ಪಾಪ, "ತುಂಬಾ ಜನ ಕೇಳ್ತಾರೆ ಸರ್" ಅಂತ ಸುಳ್ಳು ಬೇರೆ ಹೇಳಿದ.

ಇಷ್ಟಕ್ಕೂ ಈ ಬ್ರಿಟಿಷ್ ಪಠ್ಯಕ್ರಮವೇ ಯಾಕೆ ಬೇಕಿತ್ತು ಅಂತ ಕೇಳಬಹುದು. ನನ್ನ ಕೆಲಸ ಎತ್ತಂಗಡಿಯದ್ದು. ದೇಶ ಬದಲಾದರೂ ಅದೇ ಪಾಠ, ಅದೇ ಪರೀಕ್ಷೆ ಸಿಗುತ್ತೆ, ಮಕ್ಕಳಿಗೆ ತೊಂದರೆ ಇಲ್ಲ ಅಂತ ಯಾರೋ ಹೇಳಿದ್ದರು. ಹೇಳಿದವರಿಗೆ ಮಕ್ಕಳಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಸರಿ, ಎರಡನೇ ಸಲ ಸರಿಯಾದ ದಿನಕ್ಕೇ ಹೋದೆವು. ಅಡ್ಮಿಷನ್ ಆಫೀಸಿನಾಕೆ ಮಗಳ ಹುಟ್ಟಿದ ದಿನ ನೋಡಿ "ಇಯರ್ ಸೆವೆನ್" ಅಂದರು. ಐದು ಮುಗಿಸಿದವಳಿಗೆ ನೇರವಾಗಿ ಏಳು! ಟೆಸ್ಟೂ ಇಲ್ಲ, ಏನೂ ಇಲ್ಲ, ಮುಖ ನೋಡಿಯೇ ಡಬಲ್ ಪ್ರಮೋಷನ್. ಕಾರಿಗೆ ಬರೋದರೊಳಗೆ ನಾನು ಫ್ಯಾಮಿಲಿ ಗ್ರೂಪಿನಲ್ಲಿ ಮೆಸೇಜ್ ಹಾಕಿ ಆಗಿತ್ತು. ಅತ್ತೆಯವರು ಚಪ್ಪಾಳೆ ಕಳಿಸಿದರು, ಭಾವಮೈದ ಸುಮ್ಮನಾದ, ಅವನ ಮಗ ಇನ್ನೂ ಆರರಲ್ಲಿದ್ದ. ರಾತ್ರಿ ಹೆಂಡತಿ ವೆಬ್‌ಸೈಟ್ ಓದಿ ಹೇಳಿದಳು, ಅವರು ಐದು ವರ್ಷಕ್ಕೇ ಇಯರ್ 1 ಅಂತ ಎಣಿಸೋಕೆ ಶುರು ಮಾಡ್ತಾರಂತೆ, ಅದಕ್ಕೂ ಮೊದಲು ರಿಸೆಪ್ಷನ್ ಅಂತ ಒಂದು ವರ್ಷ ಇದೆಯಂತೆ, ಹಾಗಾಗಿ ನಮ್ಮ ಆರು ಅವರ ಏಳು. ಆಗಸ್ಟ್ 31ಕ್ಕೆ ವಯಸ್ಸೆಷ್ಟು ಅಂತ ನೋಡಿ ಕ್ಲಾಸ್ ಕೊಡ್ತಾರೆ, ಬುದ್ಧಿ ನೋಡಿ ಅಲ್ಲ. ಗ್ರೂಪಿನಲ್ಲಿ ಆ ಮೆಸೇಜ್ ಡಿಲೀಟ್ ಮಾಡಲಿಲ್ಲ. ಭಾವಮೈದ ಸ್ವಲ್ಪ ದಿನ ಸುಮ್ಮನೇ ಇರಲಿ.

ಆಮೇಲೆ ನಾನು ತಯಾರಿ ಮಾಡಿಕೊಂಡೆ. ಎಕ್ಸೆಲ್ ಶೀಟು, ಅದರಲ್ಲಿ ಹದಿನೇಳು ಕಾಲಂ. ಬೋರ್ಡಿನ ಮೇಲೆ ಬ್ರಿಟಿಷ್ ಅಂತ ಬರೆದುಕೊಂಡರೆ ಸಾಲದು, ಇಂಗ್ಲೆಂಡಿನ ಶಿಕ್ಷಣ ಇಲಾಖೆ ಹಾಕಿಕೊಟ್ಟ ಮಾನದಂಡದಂತೆ ಬ್ರಿಟಿಷ್ ಸ್ಕೂಲ್ಸ್ ಓವರ್‌ಸೀಸ್ ತಪಾಸಣೆ ಆಗಿದೆಯಾ ಅಂತ ನೋಡಬೇಕು ಅನ್ನೋದೂ ತಿಳಿಯಿತು. ಆ ವರದಿಗಳನ್ನು ಕೂತು ಓದಿದೆ ಕೂಡ. ಎಲ್ಲಾ ಸ್ಕೂಲೂ ಒಳ್ಳೆಯದು ಅಂತಲೇ ಬರೆದಿರುತ್ತೆ, ಆದರೆ ನಲವತ್ತನೇ ಪುಟದ ಹತ್ತಿರ ಯಾವುದೋ ಒಂದು ಸಾಲಿನಲ್ಲಿ ನಿಜ ಕೂತಿರುತ್ತೆ, ಅದನ್ನ ಹುಡುಕಬೇಕು.

ಈ ತಯಾರಿಯ ಧೈರ್ಯದಲ್ಲೇ ಇನ್ನೊಂದು ಸ್ಕೂಲಿನ ಹೆಡ್ ಎದುರು ಬಾಯಿಬಿಟ್ಟೆ. ಇಪ್ಪತ್ತು ಮೂವತ್ತು ಜನ ತಂದೆ ತಾಯಿ ಇದ್ದರು. ಗೋಡೆ ಮೇಲೆ ಜಿಸಿಎಸ್‌ಇ, ಅಂದರೆ ಹದಿನಾರರ ಹೊತ್ತಿಗೆ ಬರೆಯೋ ಪರೀಕ್ಷೆಯ ಫಲಿತಾಂಶದ ಚಾರ್ಟಿತ್ತು, 9ರಿಂದ 1ರವರೆಗೆ. ನಾನು ಕೈ ಎತ್ತಿ, "ನಿಮ್ಮಲ್ಲಿ ನಂಬರ್ ಒನ್ ಬಂದವರು ಬರೀ ಇಬ್ಬರೇನಾ? ಒಂಬತ್ತೇ ಜಾಸ್ತಿ ಇದೆಯಲ್ಲ, ಇದನ್ನ ಸರಿಮಾಡೋಕೆ ಏನು ಕ್ರಮ ತಗೊಂಡಿದ್ದೀರಿ?" ಅಂತ ಕೇಳಿದೆ. ಹೆಂಡತಿ ನನ್ನ ಪಕ್ಕದ ಕುರ್ಚಿಯಿಂದ ಎದ್ದು ಎರಡು ಸಾಲು ಹಿಂದೆ ಹೋಗಿ ಕೂತಳು. ಇಂಗ್ಲೆಂಡಿನಲ್ಲಿ 2017ರಿಂದ ಎ ಸ್ಟಾರ್, ಎ, ಬಿ ಬಿಟ್ಟು ಹಂತಹಂತವಾಗಿ ಅಂಕಿಗೆ ಬದಲಾಯಿಸಿದ್ದಾರೆ, ಅದರಲ್ಲಿ ಒಂಬತ್ತೇ ಮೇಲಿನದು, ಒಂದು ಕೆಳಗಿನದು. ಆದರೆ ಹೊರದೇಶದಲ್ಲಿ ಬರೆಯೋ ಐಜಿಸಿಎಸ್‌ಇಯಲ್ಲಿ ಎ ಸ್ಟಾರ್ ಕೂಡ ಇನ್ನೂ ಇದೆ. ಅಂದರೆ ಒಂದು ಸ್ಕೂಲಿನಲ್ಲಿ ಅಕ್ಷರ, ಪಕ್ಕದ ಸ್ಕೂಲಿನಲ್ಲಿ ಅಂಕಿ. ನನ್ನ ತಪ್ಪೇನಿದೆ ಹೇಳಿ.

ಮಗನದ್ದು ಬೇರೆ ಕತೆ. ಅವನಿಗೆ ಹದಿನಾಲ್ಕು, ಇಯರ್ 10ಕ್ಕೆ ಸೇರಬೇಕು, ಅಂದರೆ ಐಜಿಸಿಎಸ್‌ಇ ಶುರುವಾಗೋ ವರ್ಷ. ಅದು ಎರಡು ವರ್ಷದ ಓದು, ಪರೀಕ್ಷೆ ಇಯರ್ 11ರ ಕೊನೆಗೆ. ಮಧ್ಯದಲ್ಲಿ ಸ್ಕೂಲು ಬದಲಿಸಿದರೆ ಫಜೀತಿ, ಯಾಕಂದರೆ ಒಂದು ಸ್ಕೂಲು ಕೇಂಬ್ರಿಡ್ಜ್ ಬೋರ್ಡು, ಇನ್ನೊಂದು ಪಿಯರ್ಸನ್ ಎಡೆಕ್ಸೆಲ್. ಎರಡರ ಸಿಲಬಸ್ಸೂ ಬೇರೆ, ಇಂಗ್ಲಿಷ್ ಸಾಹಿತ್ಯದ ಪುಸ್ತಕಗಳೂ ಬೇರೆ ಇರಬಹುದು. "ಎರಡು ವರ್ಷ ಇಲ್ಲೇ ಇರ್ತೀರಾ?" ಅಂತ ಕೇಳಿದರು. ಹೆಂಡತಿ ನನ್ನನ್ನು ನೋಡಿದಳು. ನಾನು ಫೋನ್ ನೋಡಿದೆ. ನಮ್ಮ ಬಾಸು ಕೊಡಬೇಕಾದ ಉತ್ತರ ನಾನು ಹೇಗೆ ಕೊಡಲಿ?

ಅದು ಹೋಗಲಿ, ಫಾರ್ಮಿನಲ್ಲಿ ಗಣಿತಕ್ಕೆ ಎರಡು ಚೌಕ ಇತ್ತು. ಕೋರ್, ಎಕ್ಸ್‌ಟೆಂಡೆಡ್. ಹುಡುಗ ಲೆಕ್ಕದಲ್ಲಿ ಚುರುಕು. ಕೋರ್ ಅಂದರೆ ತಿರುಳು, ಗಟ್ಟಿ ವಿಷಯ. ಎಕ್ಸ್‌ಟೆಂಡೆಡ್ ಅಂದರೆ ನಿಧಾನಕ್ಕೆ ಓದೋರಿಗೆ ಸಾಯಂಕಾಲ ಎಕ್ಸ್‌ಟ್ರಾ ಕ್ಲಾಸ್ ಇರಬೇಕು. ಖುಷಿಯಿಂದ ಕೋರ್‌ಗೆ ಟಿಕ್ ಹಾಕಿದೆ. ಎರಡು ದಿನ ಬಿಟ್ಟು ಗಣಿತದ ಮೇಷ್ಟ್ರು ಫೋನ್ ಮಾಡಿ, ಬಹಳ ನಾಜೂಕಾಗಿ, "ಮಗನಿಗೆ ಲೆಕ್ಕ ಕಂಡರೆ ಭಯನಾ?" ಅಂತ ಕೇಳಿದರು. ಕೇಂಬ್ರಿಡ್ಜ್‌ನ ಗಣಿತದಲ್ಲಿ ಕೋರ್ ಬರೆದರೆ, ಒಂದೂ ತಪ್ಪಿಲ್ಲದೆ ಬರೆದರೂ ಸಿ ಗ್ರೇಡ್ ಮೇಲೆ ಸಿಗೋದಿಲ್ಲವಂತೆ. ಮಗ ಪಕ್ಕದಲ್ಲೇ ಕೂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದ. "ಅಪ್ಪಾ, ಇನ್ಮೇಲೆ ಫಾರ್ಮು ಅಮ್ಮ ತುಂಬಲಿ" ಅಂದ.

ಅಮ್ಮನೂ ತುಂಬಿದಳು. ಮನೆಮಾತು ಅನ್ನೋ ಕಡೆ ಹೆಮ್ಮೆಯಿಂದ ಕನ್ನಡ ಅಂತ ಬರೆದಳು. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಜಗಳ ಆಡೋ ನಮ್ಮ ಮಗಳನ್ನು, ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳ ಪರೀಕ್ಷೆಗೆ ಕರೆದರು. ಅವಳು ಅಲ್ಲಿನ ಟೀಚರ್‌ಗೆ ಅರ್ಧ ಗಂಟೆ ಬಿಡುವೇ ಕೊಡಲಿಲ್ಲವಂತೆ. ಆ ವಿಷಯದಲ್ಲಿ ನಾನು ಏನೂ ಮಾತಾಡಲಿಲ್ಲ, ಸುಮ್ನೆ ನಕ್ಕೆ, ಅದೂ ಬೇರೆ ರೂಮಿಗೆ ಹೋಗಿ.

ಪ್ರವೇಶ ಪರೀಕ್ಷೆ ಕ್ಯಾಟ್ ಫೋರ್ ಅಂದಾಗ, ಕ್ಯಾಟ್ ಒನ್, ಟೂ, ತ್ರೀ ಎಲ್ಲಿ ಬರೀಬೇಕಿತ್ತು ಅಂತ ಗಾಬರಿಯಾಗಿದ್ದೆ. ಅದು ನಾಲ್ಕನೇ ಆವೃತ್ತಿ ಅಷ್ಟೆ. ಪದ, ಅಂಕಿ, ಆಕೃತಿ, ಮತ್ತೆ ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ಹೇಗೆ ಕಾಣುತ್ತೆ ಅನ್ನೋ ಥರದ್ದು. ಅದಕ್ಕೆ ಓದಿಕೊಂಡು ಬರಬೇಕಾಗಿಲ್ಲ ಅಂತ ಸ್ಕೂಲಿನವರು ಹೇಳಿದ್ದರೂ ಮಾದರಿ ಪ್ರಶ್ನೆ ಪ್ರಿಂಟ್ ತೆಗೆದೆ. ಮಕ್ಕಳಿಬ್ಬರೂ ಮಲಗಿದ ಮೇಲೆ ನಾನೇ ಕೂತು ಬಿಡಿಸಿದೆ. ಹತ್ತರಲ್ಲಿ ನಾಲ್ಕು ಸರಿ. ಆ ಹಾಳೆ ಈಗ ಎಲ್ಲಿದೆ ಅಂತ ನನಗೊಬ್ಬನಿಗೇ ಗೊತ್ತು.

ಕೊನೆಗೆ ಸ್ಕೂಲ್ ಆರಿಸಿದ್ದು ನನ್ನ ಎಕ್ಸೆಲ್ ಶೀಟ್ ಅಲ್ಲ. ಮೂರು ಸ್ಕೂಲಿನಲ್ಲೂ ಮಗಳು ಬಾತ್‌ರೂಮಿಗೆ ಹೋಗಿಬಂದು ಮಾರ್ಕ್ಸ್ ಕೊಟ್ಟಿದ್ದಳು. ಮಗ ಲೈಬ್ರರಿಯಲ್ಲಿ ಯಾರಾದರೂ ನಿಜವಾಗಿ ಓದುತ್ತಿದ್ದಾರಾ ಅಂತ ನೋಡಿಬಂದಿದ್ದ. ನನ್ನ ಹದಿನೇಳು ಕಾಲಂನಲ್ಲಿ ಎರಡೂ ಇರಲಿಲ್ಲ. ಇಬ್ಬರೂ ಒಪ್ಪಿದ್ದು ಆ ಮೀಸೆ ಹುಡುಗರ ಸ್ಕೂಲನ್ನೇ.

ಸೆಪ್ಟೆಂಬರಿನ ಮೊದಲ ದಿನ. ಇಬ್ಬರಿಗೂ ಬ್ಲೇಜರ್, ಟೈ, ಹೊಸ ಶೂ. ಮಗನ ಟೈ ಕಟ್ಟೋಕೆ ನನಗೆ ಮೂರು ವಿಡಿಯೋ ಬೇಕಾಯಿತು. ಗೇಟಿನಲ್ಲಿ ಅದೇ ಪ್ರಿಫೆಕ್ಟ್ ನಿಂತಿದ್ದ, ನನ್ನ ಗುರುತು ಹಿಡಿದ, ನಕ್ಕ. ಮಗಳನ್ನು ಒಳಗೆ ಬಿಟ್ಟ. ಮಗನನ್ನು ನೋಡಿ, ಕೈಯಲ್ಲಿದ್ದ ಪಟ್ಟಿ ನೋಡಿ, ಮತ್ತೆ ನನ್ನನ್ನು ನೋಡಿದ.

"ಸರ್, ಇವತ್ತು ಇಯರ್ 7 ಮತ್ತು 12ಕ್ಕೆ ಮಾತ್ರ. ಇಯರ್ 10 ನಾಳೆಯಿಂದ."

ಮಗ ಟೈ ಬಿಚ್ಚಿ ನನ್ನ ಕೈಗೆ ಕೊಟ್ಟು ಕಾರಿನ ಕಡೆ ನಡೆದ.