ಸತ್ಯಾಂಶ: ಜೇಡಿ ಹಿಡಿದ ನೀರೆಲ್ಲ ಗಿಡಕ್ಕೆ ಸಿಗುತ್ತಾ?

'ಜೇಡಿ ಮಣ್ಣು ಜಾಸ್ತಿ ನೀರು ಹಿಡಿಯುತ್ತದೆ. ತೋಟಕ್ಕೆ ನಾಲ್ಕು ಲೋಡು ಹೊಡೆಸಿ, ಬೇಸಿಗೆಯಲ್ಲಿ ನೀರೇ ಬೇಡ.' ಹಾಸನದ ಕಡೆ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಇದು.

ಮೊದಲರ್ಧ ನಿಜ. ಆದರೆ ಹಿಡಿದದ್ದನ್ನೆಲ್ಲ ಜೇಡಿ ಬಿಟ್ಟುಕೊಡುವುದಿಲ್ಲ. ಅದರ ಕಣಗಳು 0.002 ಮಿ.ಮೀ.ಗಿಂತ ಸಣ್ಣವು. ನಡುವಿನ ಸಂದುಗಳೂ ಬಹಳ ಕಿರಿದು, ನೀರು ಅಲ್ಲಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ಎಳೆಯಲು ಸುಮಾರು 15 ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಹೆಚ್ಚು ಬಲ ಬೇಕಾದರೆ ಬಹುತೇಕ ಬೆಳೆಗಳ ಬೇರು ಸೋಲುತ್ತದೆ. (ಕಾರಿನ ಟೈರಿನ ಗಾಳಿ ಎರಡು ಬಾರ್ ಚಿಲ್ಲರೆ ಅಷ್ಟೇ!) ಮಣ್ಣು ಮುಟ್ಟಿದರೆ ತೇವ, ಗಿಡ ಮಾತ್ರ ಬಾಡಿರುತ್ತದೆ. ನೋಡಿರುತ್ತೀರಿ, ಅಲ್ವಾ?

ಮರಳಿನದು ಉಲ್ಟಾ: ಸುಲಭವಾಗಿ ಕೊಡುತ್ತದೆ, ಉಳಿಸಿಕೊಳ್ಳುವುದೇ ಕಮ್ಮಿ. ನಡುವಿನ ಗೋಡು ಮಣ್ಣೇ ವಾಸಿ. ಸುಮ್ನೆ ಜೇಡಿ ಹೊಡೆಸುವ ಬದಲು ಕೊಟ್ಟಿಗೆ ಗೊಬ್ಬರ ಹಾಕಿ, ಮೇಲೆ ತರಗೆಲೆ ಹೊದಿಸಿ.