ಮನೆ ಎಲ್ಲಾಯ್ತು?

ಮೊನ್ನೆ ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಬರುವಾಗ ಒಂದು ಇಂಗ್ಲಿಷ್ ಥ್ರಿಲ್ಲರ್ ಓದುತ್ತಿದ್ದೆ. ನಾಯಕಿ ಹಿಂದೆ ಸುಪಾರಿ ತಗೊಂಡು ಕೊಲೆ ಮಾಡುತ್ತಿದ್ದವಳು. ಈಗ ಬಿಟ್ಟಿದ್ದಾಳೆ. ಅಷ್ಟರಲ್ಲಿ ಹುಡುಗಿಯರನ್ನು ಸಾಗಿಸುವ ಗ್ಯಾಂಗ್ ಎದುರಾಗುತ್ತದೆ, ಮತ್ತೆ ಶುರು. ಪಡುಬಿದ್ರಿ ದಾಟುವಾಗ ಆರು ಹೆಣ ಬಿದ್ದಿತ್ತು. ಮೂಲ್ಕಿಯಲ್ಲಿ ಇನ್ನೆರಡು.

ಅವಳು ಚೂರಿ ಹಿಡಿಯುವ ರೀತಿಗೇ ಮೂರು ಪುಟ. ನಮ್ಮ ದೊಡ್ಡಮ್ಮ ಅಷ್ಟು ಹೊತ್ತಲ್ಲಿ ಮೆಟ್ಟುಕತ್ತಿ ಮುಂದೆ ಕೂತು, ಕಿವಿಗೂ ಭುಜಕ್ಕೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಒಂದು ಡಜನ್ ಬಂಗುಡೆಯ ತಲೆ ತೆಗೆದು, ಹೊಟ್ಟೆ ಬಿಡಿಸಿ, ಬೆಕ್ಕಿಗೂ ಪಾಲು ಹಾಕಿ ಆಗಿರುತ್ತದೆ.

ಕಾದಂಬರಿಯ ವಿಲನ್‌ಗೆ ಕೆನ್ನೆ ಮೇಲೆ ಗಾಯದ ಗುರುತು, ಬಂದರಲ್ಲಿ ಕಂಟೇನರ್. ನಿಜದಲ್ಲಿ ಅವನು ಹಾಗಿರುವುದಿಲ್ಲ ಅಲ್ವಾ? ಅಂಗಳಕ್ಕೆ ಬಂದು ಚಾ ಕುಡಿದು, "ಗಲ್ಫಲ್ಲಿ ಮನೆಕೆಲಸ ಉಂಟು, ಒಳ್ಳೆ ಜನ" ಅನ್ನುತ್ತಾನೆ. ನಮ್ಮ ಕಡೆ ಈ ಮಾತಿಗೆ ಯಾರೂ ಬೆಚ್ಚುವುದಿಲ್ಲ. ಮುಂಬೈ ಹೋಟೆಲಿಗೋ ದುಬೈಗೋ ಯಾರದೋ ಮೂಲಕ ಹೋದವರು ಮನೆಗೊಬ್ಬರಿದ್ದಾರೆ, ಹೆಚ್ಚಿನವರು ಚೆನ್ನಾಗಿಯೇ ಇದ್ದಾರೆ. ಇಸಿಆರ್ ಪಾಸ್‌ಪೋರ್ಟಿನ, ಅಂದರೆ ಗಲ್ಫಿನಂಥ ಕಡೆ ಕೆಲಸಕ್ಕೆ ಹೋಗಲು ಸರಕಾರದ ಅನುಮತಿ ಬೇಕಾದ ಹೆಂಗಸು ಅಲ್ಲಿಗೆ ಮನೆಕೆಲಸಕ್ಕೆ ಹೋಗಬೇಕಾದರೆ 30 ವರ್ಷ ಆಗಿರಬೇಕು, ಅದಕ್ಕೇ ಇಂಥವರು ಸುಮ್ನೆ ವಿಸಿಟ್ ವೀಸಾ ಕೈಗಿಡುತ್ತಾರೆ. ಆಮೇಲೆ ಸಿಕ್ಕಿಬಿದ್ದರೆ "ಅವಳೇ ಒಪ್ಪಿ ಬಂದದ್ದು" ಅಂತ ರಾಗ. ಕಾನೂನಿನಲ್ಲಿ ಆ ರಾಗ ನಡೆಯುವುದಿಲ್ಲ. ಮಾನವ ಸಾಗಣೆಯ ಬಗ್ಗೆ 2013ರಲ್ಲಿ ತಿದ್ದಿದ ಹಳೆ ದಂಡ ಸಂಹಿತೆಯ (ಐಪಿಸಿ) 370ನೇ ಸೆಕ್ಷನ್ನಲ್ಲೂ, ಅದರ ಬದಲಿಗೆ ಬಂದ ಈಗಿನ ನ್ಯಾಯ ಸಂಹಿತೆಯ 143ರಲ್ಲೂ, ಹುಡುಗಿಯ ಒಪ್ಪಿಗೆ ಲೆಕ್ಕಕ್ಕಿಲ್ಲ ಅಂತಲೇ ಇದೆ.

ಸುರತ್ಕಲ್ ಬರುವಾಗ ಪಕ್ಕದ ಸೀಟಿನ ಅಮ್ಮ ಮುಖಪುಟಕ್ಕೆ ಬಗ್ಗಿದರು. "ಇವಳ ಕೈಯಲ್ಲಿ ಎಂತ, ಪಿಸ್ತೂಲಾ?" ಹೌದು ಅಂದೆ. "ನಿಮ್ಗೆ ಮನೆ ಎಲ್ಲಾಯ್ತು?"

ಈ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಮನೆ ಹೇಳಿದರೆ ಯಾರ ಮಗಳು, ಅದು ಹೇಳಿದರೆ ತಾಯಿ ಮನೆ ಯಾವುದು, ಅಲ್ಲಿಂದ ಮದುವೆ. ಆದರೆ ಅವತ್ತು ಕೈಯಲ್ಲಿ ಈ ಪುಸ್ತಕ ಇತ್ತು ನೋಡಿ. ಹುಡುಗಿಯನ್ನು ಕರಕೊಂಡು ಹೋಗುವವನು "ಕೇಳಿದರೆ ಮಾವ ಅಂತ ಹೇಳು" ಅಂತ ಕಲಿಸಿರುತ್ತಾನೆ ಅಂದುಕೊಳ್ಳಿ. ಈ ಅಮ್ಮನ ಎದುರು ಅದು ಎಷ್ಟು ಹೊತ್ತು ನಿಂತೀತು? ಯಾವ ಮಾವ, ಅಮ್ಮನ ಅಣ್ಣನಾ, ಅತ್ತೆಯ ಗಂಡನಾ, ಹಾಗಾದರೆ ಅತ್ತೆ ಯಾಕೆ ಬರಲಿಲ್ಲ? ಇದರಿಂದಲೇ ಗ್ಯಾಂಗ್ ಹಿಡಿಯಬಹುದು ಅಂತಲ್ಲ. ಎಂಟು ಹೆಣದ ನಾಯಕಿ ಕೂಡ ಹುಡುಗಿಯರ ಹತ್ತಿರ ಇಷ್ಟು ಮಾತಾಡಲಿಲ್ಲ ಅಂತ, ಅಷ್ಟೇ.

ಹಾಗಾಗಿ ಜನ್ಮದಲ್ಲಿ ಮೊದಲ ಸಲ ಪೂರ್ತಿ ಉತ್ತರ ಕೊಟ್ಟೆ. ಕೊಟ್ಟಾರ ಬರುವಾಗ ನನ್ನ ಅಜ್ಜಿಯ ಹೆಸರೂ ಅವರಿಗೆ ಗೊತ್ತಾಗಿತ್ತು. ಲೇಡಿಹಿಲ್‌ನಲ್ಲಿ ಇಳಿಯಲು ಎದ್ದವರು ಚೀಲ ಹೆಗಲಿಗೇರಿಸಿ ಪುಸ್ತಕ ತೋರಿಸಿದರು.

"ಮತ್ತೆ ಅವಳಿಗೆ ಮನೆ ಎಲ್ಲಂತೆ?"

ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಬರುವ ತನಕ ಪುಟ ತಿರುವಿದೆ. ಎಲ್ಲೂ ಬರೆದಿರಲಿಲ್ಲ.