ಚಕ್ಕುಲಿ ಡಬ್ಬ ತೇಲಿದ ಸುದ್ದಿ

ನಮ್ಮ ಬೋಟ್ ಕ್ಲಬ್ಬಿನ ಸುದ್ದಿಪತ್ರ ಬಂತು. ಮೊದಲ ಪುಟದಲ್ಲೇ ನನ್ನ ಹೆಸರು. ಬಹುಮಾನ ಗಿಹುಮಾನ ಏನಲ್ಲ, ನಾನು ದೋಣಿಗೆ ಬಿರಡೆ ಹಾಕಲು ಮರೆತ ಕತೆ.

ನಾನಿರುವುದು ಸಿಯಾಟಲ್ ಪಕ್ಕ, ಲೇಕ್ ವಾಷಿಂಗ್ಟನ್ ದಂಡೆಯಲ್ಲಿ. ಇಲ್ಲಿ ಮೇ ತಿಂಗಳ ಮೊದಲ ಶನಿವಾರ ದೋಣಿಯವರಿಗೆ ಹಬ್ಬ. ಓಪನಿಂಗ್ ಡೇ ಅಂತಾರೆ. ಮಾಂಟ್‌ಲೇಕ್ ಕಾಲುವೆಯಲ್ಲಿ ಸಿಂಗಾರ ಮಾಡಿದ ದೋಣಿಗಳ ಮೆರವಣಿಗೆ ಹೋಗುತ್ತದೆ, ತೇರು ನೋಡುವ ಹಾಗೆ ಎರಡೂ ದಡದಲ್ಲಿ ಜನ. ಅದಕ್ಕೆ ಒಂದು ವಾರ ಮೊದಲು ಆಫೀಸಿನ ಗೆಳೆಯನ 16 ಅಡಿ ದೋಣಿಯನ್ನು ನೀರಿಗೆ ಇಳಿಸಿದೆವು. ಮಳೆನೀರು ಬಸಿದು ಹೋಗಲಿ ಅಂತ ಚಳಿಗಾಲದಲ್ಲಿ ಹಿಂದಿನ ತೂತಿನ ಬಿರಡೆ ತೆಗೆದಿಟ್ಟಿರುತ್ತಾರೆ. ಅದನ್ನು ಹಾಕುವ ಕೆಲಸ ನನ್ನದು. ನಾನು ಚಕ್ಕುಲಿ ಡಬ್ಬ ಹುಡುಕುತ್ತಿದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲು ತಣ್ಣಗಾಯಿತು, ಬಗ್ಗಿ ನೋಡಿದರೆ ಡಬ್ಬ ತೇಲುತ್ತಿದೆ.

ಹೇಗೋ ದಡ ಸೇರಿದೆವು. "ಯಾರಿಗೂ ಹೇಳಬೇಡ ಮಾರಾಯ" ಅನ್ನುವುದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಕ್ಕ. ಆಮೇಲೆ ಪೂರ್ತಿ ಬರೆದು ಕಳಿಸಿದ, ಚಕ್ಕುಲಿ ಸಮೇತ.

ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಕ್ಲಬ್ಬಿಗೆ ಹೋದರೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಭುಜ ತಟ್ಟಿ, ನಾನು ಮೂರು ಸಲ ಮರೆತಿದ್ದೇನೆ ಅಂದರು. ಬಿರಡೆಯನ್ನು ಎಂಜಿನ್ ಕೀಗೆ ಕಟ್ಟಿಡು ಅಂತ ಕೆಂಪು ರಿಬ್ಬನ್ ಬೇರೆ ಕೊಟ್ಟರು. ಇಲ್ಲಿ 15 ಎಚ್‌ಪಿ ಅಥವಾ ಅದಕ್ಕಿಂತ ಹೆಚ್ಚಿನ ಬೋಟ್ ಓಡಿಸಲು ಪರೀಕ್ಷೆ ಪಾಸಾದ ಕಾರ್ಡ್ ಬೇಕು, ಆದರೆ 1955ಕ್ಕಿಂತ ಮೊದಲು ಹುಟ್ಟಿದವರಿಗೆ ಬೇಡ. ಅಜ್ಜಿಗೆ ಕಾರ್ಡೂ ಇಲ್ಲ, ಬಿರಡೆಯೂ ಇಲ್ಲ!

ಸುದ್ದಿಪತ್ರದ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಬರೀ ಇಂಥವೇ. ಒಬ್ಬ ಕಿಲ್ ಸ್ವಿಚ್ಚಿನ ದಾರ, ಅಂದರೆ ಓಡಿಸುವವನು ಬಿದ್ದರೆ ಎಂಜಿನ್ ನಿಲ್ಲಿಸುವ ದಾರ, ಸಿಕ್ಕಿಸಿಕೊಳ್ಳದೆ ನೀರಿಗೆ ಬಿದ್ದಿದ್ದ. ಓಡಿಸುವವನಿಲ್ಲದ ದೋಣಿ ಅವನ ಸುತ್ತಲೇ ಗಿರಕಿ ಹೊಡೆದಿದೆ, ಕೆಳಗೆ ಪ್ರೊಪೆಲ್ಲರ್ ತಿರುಗುತ್ತಾ. ಅದಕ್ಕೇ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಆ ದಾರ ಕಟ್ಟಿಕೊಳ್ಳಬೇಕು ಅಂತ 2021ರ ಏಪ್ರಿಲ್‌ನಿಂದ ಕಾನೂನೇ ಆಗಿದೆ. ಇನ್ನೊಬ್ಬ ತಣ್ಣೀರಿಗೆ ಬಿದ್ದವನು ಒಂದು-ಹತ್ತು-ಒಂದರ ಲೆಕ್ಕ ಬರೆದಿದ್ದ. ಮೊದಲ ನಿಮಿಷ ಉಸಿರು ಹಿಡಿತಕ್ಕೆ ತಂದುಕೋ, ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಎಚ್ಚರ ತಪ್ಪಲು ಸುಮಾರು ಒಂದು ಗಂಟೆ. ಲೈಫ್ ಜಾಕೆಟ್ ಇಲ್ಲದಿದ್ದರೆ ಆ ಗಂಟೆಯ ಮಾತೇ ಬರಲ್ಲ, ಅದಕ್ಕೂ ಮೊದಲೇ ಮುಳುಗಿರುತ್ತೀಯ.

ನಮ್ಮಲ್ಲಿ? ನನಗೆ ಒಂಬತ್ತು ವರ್ಷ. ಶರಾವತಿ ಹಿನ್ನೀರು ದಾಟಿ ಮದುವೆಮನೆಗೆ ಹೋಗಬೇಕಿತ್ತು. ಐದು ಜನರ ದೋಣಿಯಲ್ಲಿ ಒಂಬತ್ತು ಜನ, ಮೇಲೆ ಎರಡು ಬಾಳೆಗೊನೆ. ನಡುನೀರಲ್ಲಿ ದೋಣಿ ವಾಲಿತು, ಒಂದು ಗೊನೆ ಹೋಯಿತು, ಎಲ್ಲರ ಬಟ್ಟೆ ಒದ್ದೆ. ದಡದಲ್ಲಿ ಮಾವ ಹೇಳಿದ್ದು ಒಂದೇ ಮಾತು, "ಮನೇಲಿ ಹೇಳಬೇಡ." ನಾನು ಹೇಳಲಿಲ್ಲ. ಯಾರೂ ಹೇಳಲಿಲ್ಲ. ದೇವರು ದೊಡ್ಡವನು ಅಂತ ಊಟಕ್ಕೆ ಕೂತೆವು.

2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರಲ್ಲ, ಆಗ ನನಗೆ ನೆನಪಾಗಿದ್ದು ಆ ಬಾಳೆಗೊನೆ. ಸತ್ತಾಗ ಪೇಪರ್ ತುಂಬಾ ಬರುತ್ತದೆ. ವಾಲಿ ಉಳಿದ ದೋಣಿಗಳ ಸುದ್ದಿ ಮಾತ್ರ ಎಲ್ಲೂ ಬರಲ್ಲ, ಮಾನ ಹೋಗುತ್ತೆ ನೋಡಿ. ನನಗೆ ಸಿಟ್ಟು ಬರುವುದು ಇದಕ್ಕೇ.

ಇಷ್ಟನ್ನೂ ಭಾನುವಾರ ಅಮ್ಮನಿಗೆ ಫೋನಿನಲ್ಲಿ ಒದರಿದೆ. ಹಳೇ ದೋಣಿ ಕತೆಯನ್ನೂ ಹೇಳಿಬಿಟ್ಟೆ, ಮೂವತ್ತು ವರ್ಷ ಆದಮೇಲೆ. ಅಮ್ಮ ನಕ್ಕರು. "ನಂಗೆ ಅವತ್ತೇ ಗೊತ್ತಾಗಿತ್ತು. ಎರಡು ಗೊನೆ ಕಳಿಸಿದ್ದೆ, ಒಂದೇ ಬಂತು ಅಂತ ಮದುವೆಮನೆಯವರು ಹೇಳಲ್ವಾ? ಮಾರನೇ ದಿನ ನಿಮ್ಮಜ್ಜ ದೋಣಿಯವನ ಮನೆಗೇ ಹೋಗಿ ಬೈದು ಬಂದ್ರು. ಆಮೇಲೆ ಅವನು ಆರನೇ ಜನವನ್ನ ಹತ್ತಿಸಿದ್ದೇ ಇಲ್ಲ."

ಇದು ನನಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಮರದ ಬೊಡ್ಡೆಗಳು ಎಲ್ಲೆಲ್ಲಿವೆ ಅಂತ ದೋಣಿಯವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದದ್ದೂ ಆಗಲೇ ನೆನಪಾಯಿತು. ಅದೂ ಒಂದು ಸುದ್ದಿಪತ್ರವೇ ಅನ್ನಿ. ಆದರೂ ಜಾತ್ರೆಗೆ ಬರುವ ಹೊರಗಿನವರಿಗೆ ಅದು ಕೇಳಿಸುವುದಿಲ್ಲ, ಅಷ್ಟು ಮಾತ್ರ ಬಿಟ್ಟುಕೊಡಲ್ಲ.

ಫೋನ್ ಇಡುವ ಮುಂಚೆ ಅಮ್ಮ ಕೇಳಿದರು, "ಅದೇನೋ ಜಾಕೆಟ್ ಇರುತ್ತಲ್ಲ, ಅವತ್ತು ಹಾಕ್ಕೊಂಡಿದ್ಯಾ?"

ಅದು ಸುದ್ದಿಪತ್ರದಲ್ಲೂ ಇರಲಿಲ್ಲ. ಬಿರಡೆ, ಚಕ್ಕುಲಿ ಎಲ್ಲ ಬರೆದ ಗೆಳೆಯ ಇದೊಂದನ್ನು ಬಿಟ್ಟಿದ್ದ. ಎರಡು ಜಾಕೆಟ್ಟೂ ಸೀಟಿನ ಕೆಳಗೇ ಇದ್ದವು.

"ಹೂಂ ಅಮ್ಮ, ಹಾಕಿದ್ದೆ" ಅಂದೆ.